ಡಬ್ಬ ಕಟ್ಟುವ ಮುಂಚೆ: ಓದುಗರ ಪ್ರಶ್ನೆಗಳಿಗೆ ಉತ್ತರ

ವಿದೇಶದಲ್ಲಿರುವ ಮನೆಯವರಿಗೆ ಸಾಮಾನು ಕಳಿಸುವ ಬಗ್ಗೆ ಏನಾದರೂ ಕೇಳೋದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಹಾಸನ, ಚಿಕ್ಕಮಗಳೂರು ಎರಡೂ ಕಡೆಯಿಂದ ತುಂಬಾ ಕಾಗದ ಬಂದಿವೆ. ನನ್ನ ಮಗಳು ಅಮೆರಿಕದಲ್ಲಿ, ತಮ್ಮ ಲಂಡನ್ನಿನಲ್ಲಿ. ಚಿಕ್ಕಮಗಳೂರಿನ ನಮ್ಮ ಮನೆಯ ಹಜಾರದಲ್ಲಿ ನಮ್ಮ ಡಬ್ಬದ ಜೊತೆಗೆ ಅಕ್ಕಪಕ್ಕದ ಮನೆಯವರ ಡಬ್ಬಗಳನ್ನೂ ಕಟ್ಟುತ್ತೇವೆ. ಅಲ್ಲಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮ ಮಗ ಸೊಸೆ ಕೆನಡಾದ ಟೊರಾಂಟೊದಲ್ಲಿದ್ದಾರೆ. ಅವರ ಪಕ್ಕದ ಮನೆಯಲ್ಲಿ ಜಮೈಕಾದ ಒಬ್ಬ ಹೆಂಗಸು ಇದ್ದಾರೆ. ಕ್ರಿಸ್‌ಮಸ್‌ಗೆ ಮುಂಚೆ ಸೊಂಟದೆತ್ತರದ ನೀಲಿ ಡ್ರಮ್ ತಂದು, ತಿಂಗಳುಗಟ್ಟಲೆ ತುಂಬಿ, ಹಡಗಿನಲ್ಲಿ ಊರಿಗೆ ಕಳಿಸುತ್ತಾರಂತೆ. ಅಕ್ಕಿ, ಎಣ್ಣೆ, ಸೋಪು, ಮಕ್ಕಳ ಶೂ ಎಲ್ಲಾ ಅದರಲ್ಲೇ. ಮಗ ಫೋನಿನಲ್ಲಿ ತೋರಿಸಿದ. ನಾವೂ ಹಾಸನದಿಂದ ಅಂಥದ್ದೇ ಒಂದು ಡ್ರಮ್ ತುಂಬಿ ಕಳಿಸಬಹುದಾ? ಪಾತ್ರೆ, ಬಟ್ಟೆ, ರಾಗಿಹಿಟ್ಟು, ಹಪ್ಪಳ, ಒಂದು ಮಿಕ್ಸಿ ಕಳಿಸುವ ಆಸೆ. — ಒಬ್ಬ ತಾಯಿ, ಹಾಸನ

ಉತ್ತರ: ಆ ಜಮೈಕಾದ ಅಮ್ಮ ಮಾಡುತ್ತಿರೋದು ದೊಡ್ಡ ಕೆಲಸ ಅಮ್ಮಾ. ಟೊರಾಂಟೊ, ಲಂಡನ್, ನ್ಯೂಯಾರ್ಕ್, ಮಯಾಮಿ, ಹೀಗೆ ಜಮೈಕಾದಂಥ ಕೆರಿಬಿಯನ್ ದ್ವೀಪಗಳ ಜನ ದುಡಿಯಲು ಹೋದ ಕಡೆಯಿಂದೆಲ್ಲ ಡ್ರಮ್ಮುಗಳು ಊರಿಗೆ ಹೋಗುತ್ತವೆ. ಫಿಲಿಪೀನ್ಸ್‌ನವರು ಇದನ್ನೇ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಮಾಡುತ್ತಾರೆ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋದ ತಾಯಂದಿರು ಅವರಲ್ಲಿ ಎಷ್ಟೋ ಜನ. ಶಾಲೆಯ ಪುಸ್ತಕ, ಶೂ, ಹಾಲಿನ ಪುಡಿ, ಎಲ್ಲವನ್ನೂ ಆ ಡ್ರಮ್ಮಿನಲ್ಲಿಟ್ಟು ಕಳಿಸುತ್ತಾರೆ. ಅವರ ಡ್ರಮ್ ದುಡಿಯುವವರಿಂದ ಮನೆಗೆ ಹೋಗುತ್ತದೆ. ನಮ್ಮ ಡಬ್ಬ ಮನೆಯಿಂದ ದುಡಿಯುವವರ ಕಡೆಗೆ ಹೋಗುತ್ತದೆ. ಹಾಗಾಗಿ ಅವರ ಲೆಕ್ಕ ನಮಗೆ ಕೂರೋದಿಲ್ಲ.

ಮೊದಲು ದುಡ್ಡಿನ ವಿಷಯ. ಆ ಡ್ರಮ್ಮಿನಲ್ಲಿ ಹತ್ತಿರಹತ್ತಿರ 208 ಲೀಟರ್ ಹಿಡಿಯುತ್ತದೆ. ಅಡ್ಡ ಸುಮಾರು 58 ಸೆಂಟಿಮೀಟರ್, ಎತ್ತರ 88. ವಿಮಾನದ ಕೊರಿಯರ್‌ನವರು ತೂಕದ ಜೊತೆ ಜಾಗವನ್ನೂ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರೋದು ಒಂದು ತೂಕ. ಈ ತೂಕ, ತಕ್ಕಡಿಯ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಡ್ರಮ್ಮಿಗೆ ಹಾಕಿ ನೋಡಿ: 58 × 58 × 88 ಅನ್ನು 5000ದಿಂದ ಭಾಗಿಸಿದರೆ 59 ಕೆಜಿ. ಒಳಗೆ ಬರೀ ಹಪ್ಪಳ ಇದ್ದರೂ 59 ಕೆಜಿಯ ದುಡ್ಡು ಕೊಡಬೇಕು.

ಹಡಗಿನಲ್ಲಿ ಕಳಿಸಿದರೆ? ಆಗ ಘನ ಮೀಟರಿನ ಲೆಕ್ಕ. ನಿಮ್ಮ ಡ್ರಮ್ ಹಿಡಿಯೋದು ಸುಮಾರು 0.3 ಘನ ಮೀಟರ್. ಆದರೆ ಕಂಟೈನರಿನಲ್ಲಿ ಜಾಗ ಹಂಚಿಕೊಡುವವರು ಸಾಮಾನ್ಯವಾಗಿ ಕನಿಷ್ಠ 1 ಘನ ಮೀಟರಿನ ದುಡ್ಡು ಕೇಳುತ್ತಾರೆ. ಟೊರಾಂಟೊದಿಂದ ಜಮೈಕಾದ ಕಿಂಗ್‌ಸ್ಟನ್‌ಗೆ ಡ್ರಮ್ಮಿಗೆ ಇಷ್ಟು ಅಂತ ಒಂದೇ ದರ ಹೇಳಿ ಮನೆ ಬಾಗಿಲಿಂದ ಒಯ್ಯುವವರಿದ್ದಾರೆ. ಹಾಸನದಿಂದ ಅಂಥ ಓಡಾಟ ಇಲ್ಲ. ಹಡಗಿನ ಸಾಮಾನು ಬೆಂಗಳೂರು ವೈಟ್‌ಫೀಲ್ಡ್‌ನ ಕಂಟೈನರ್ ಡಿಪೋಗೆ ಹೋಗಿ, ಅಲ್ಲಿಂದ ಬಂದರಿಗೆ, ಆಮೇಲೆ ಸಮುದ್ರ. ಆ ಕಡೆ ಇಳಿದ ಮೇಲೆ ಕಸ್ಟಮ್ಸ್‌ನಿಂದ ಬಿಡಿಸುವ ಖರ್ಚು ಬೇರೆ. ಅದನ್ನು ನಿಮ್ಮ ಮಗ ಕೊಡಬೇಕಾಗುತ್ತದೆ. ಎರಡು ತಿಂಗಳು ಹಿಡಿದರೂ ಹಿಡಿಯಿತು.

ಅಷ್ಟು ದಿನ ಬಿಸಿ ಕಂಟೈನರಿನೊಳಗೆ ತಿಂಡಿ ಇಡಬೇಡಿ. ರಾಗಿಹಿಟ್ಟಿಗೆ ಹುಳು ಬೀಳುತ್ತದೆ. ಕರಿದ ತಿಂಡಿ ಕಮಟು ವಾಸನೆ ಬರುತ್ತದೆ. ಪಾತ್ರೆ, ಪುಸ್ತಕ, ಬಟ್ಟೆ ತುಂಬಾ ಇದ್ದು, ಒಂದು ಘನ ಮೀಟರ್ ತುಂಬುವಷ್ಟು ಆಗುತ್ತದೆ ಅಂದರೆ ಮಾತ್ರ ಹಡಗು ಯೋಚಿಸಿ. ಅದಕ್ಕೂ ಮುಂಚೆ ಮಗನನ್ನು ಒಂದು ಮಾತು ಕೇಳಿ. ನೆಲೆಸಲು ಮೊದಲ ಸಲ ಕೆನಡಾಕ್ಕೆ ಇಳಿದಾಗ, ಆಮೇಲೆ ಬರುವ ಸಾಮಾನಿನ ಪಟ್ಟಿಯನ್ನು ಕಸ್ಟಮ್ಸ್‌ನವರಿಗೆ ಕೊಟ್ಟಿದ್ದಾನಾ ಅಂತ. ಕೊಟ್ಟಿದ್ದರೆ, ಅದರಲ್ಲಿ ಬರೆದ ಅವನ ಸ್ವಂತದ ಬಳಸಿದ ಸಾಮಾನಿಗೆ ಸುಂಕ ಬೀಳೋದಿಲ್ಲ. ಉಡುಗೊರೆಯಾಗಿ ಕಳಿಸೋದಾದರೆ ಕೆನಡಾದಲ್ಲಿ 60 ಕೆನಡಾ ಡಾಲರ್‌ವರೆಗೆ ಮಾತ್ರ ಸುಂಕ ಇಲ್ಲ.

ಮಿಕ್ಸಿ ಕಳಿಸಬೇಡಿ ಅಮ್ಮಾ. ನಮ್ಮ ಮನೆಯ ಕರೆಂಟು 230 ವೋಲ್ಟ್, 50 ಹರ್ಟ್ಜ್. ಅಲ್ಲಿನದು 120 ವೋಲ್ಟ್, 60 ಹರ್ಟ್ಜ್. ಇಲ್ಲಿನ ಮಿಕ್ಸಿಯನ್ನು ಹಾಗೇ ಸಿಗಿಸಿದರೆ ಸರಿಯಾಗಿ ತಿರುಗೋದಿಲ್ಲ. ಅಲ್ಲಿನ ಕರೆಂಟಿಗೆ ಮಾಡಿದ ನಮ್ಮ ಥರದ ಮಿಕ್ಸಿ ಅಲ್ಲಿಯೇ ಸಿಗುತ್ತದೆ. ಕುಕ್ಕರ್ ಕಳಿಸೋದಾದರೆ ಅವರ ಒಲೆ ಇಂಡಕ್ಷನ್ನಾ ಅಂತ ಕೇಳಿಕೊಂಡು, ತಳಕ್ಕೆ ಅಯಸ್ಕಾಂತ ಅಂಟುವಂಥದ್ದನ್ನೇ ತೆಗೆದುಕೊಳ್ಳಿ.

ಡ್ರಮ್ ಬಗ್ಗೆ ಇನ್ನೊಂದು ಮಾತು. ನೀರು ತುಂಬಿಡಲು ಮಾರುವ ಹಳೇ ನೀಲಿ ಡ್ರಮ್ಮುಗಳಲ್ಲಿ ಎಷ್ಟೋ ಸಲ ಮೊದಲು ಕೆಮಿಕಲ್ ಇದ್ದಿರುತ್ತದೆ. ತೊಳೆದರೂ ಪ್ಲಾಸ್ಟಿಕ್ಕಿಗೆ ಹಿಡಿದ ವಾಸನೆ ಹೋಗೋದಿಲ್ಲ. ತಿನ್ನುವ ವಸ್ತು ಅದರಲ್ಲಿ ಹಾಕಲೇಬೇಡಿ.

ನನ್ನ ಮಾತು ಕೇಳೋದಾದರೆ, ಐದು ಪದರದ ಗಟ್ಟಿ ರಟ್ಟಿನ ಡಬ್ಬ ತೆಗೆದುಕೊಳ್ಳಿ. 45 × 45 × 40 ಸೆಂಟಿಮೀಟರಿನ ಡಬ್ಬಕ್ಕೆ ಜಾಗದ ತೂಕ 16 ಕೆಜಿ ಚಿಲ್ಲರೆ ಬರುತ್ತದೆ. ಒಳಗಿನ ಸಾಮಾನೂ ಸುಮಾರು ಅಷ್ಟೇ ತೂಗುವ ಹಾಗೆ ಜೋಡಿಸಿದರೆ ಕೊಟ್ಟ ದುಡ್ಡು ಸಾರ್ಥಕ. ಅಂದರೆ ಹಪ್ಪಳ ಸಂಡಿಗೆಯ ಜೊತೆ ಪುಡಿ, ಪಾತ್ರೆ ಸೇರಬೇಕು. ಪಾತ್ರೆಯೊಳಗೆ ಪುಡಿಯ ಪ್ಯಾಕೆಟ್, ಸಂದಿಯಲ್ಲೆಲ್ಲ ಬಟ್ಟೆ. ಖಾಲಿ ಜಾಗಕ್ಕೂ ದುಡ್ಡು ಕೊಡುತ್ತೀರಿ, ನೆನಪಿರಲಿ.

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ. ಮಿಡಿ ಉಪ್ಪಿನಕಾಯಿ ಕಳಿಸಿದೆವು. ದಾರಿಯಲ್ಲಿ ಸೋರಿ ಸೀರೆ, ಚಟ್ನಿಪುಡಿ ಎಲ್ಲಾ ಹಾಳಾಯಿತು. ಮುಚ್ಚಳ ಬಿಗಿಯಾಗಿಯೇ ಇತ್ತು. ಎಲ್ಲಿ ತಪ್ಪಾಯಿತು? — ಕೊಪ್ಪ

ಉತ್ತರ: ಹೊಸ ಉಪ್ಪಿನಕಾಯಿ ಕಳಿಸಿರಬೇಕು. ಮಿಡಿ ಉಪ್ಪುನೀರು ಬಿಟ್ಟುಕೊಂಡು ಹುದುಗುವಾಗ ಒಳಗೆ ಗಾಳಿ ಹುಟ್ಟುತ್ತದೆ. ಮನೆಯ ಭರಣಿಯಲ್ಲಿ ಅದು ಬಟ್ಟೆಯ ಸಂದಿಯಿಂದ ಹೋಗಿಬಿಡುತ್ತದೆ. ಬಿಗಿ ಬಾಟಲಿಯಲ್ಲಿ ಹೋಗಲು ದಾರಿ ಇಲ್ಲ. ವಿಮಾನ ಮೇಲೇರಿದಾಗ ಹೊರಗಿನ ಒತ್ತಡ ಕಡಿಮೆಯಾಗುತ್ತದೆ, ಒಳಗಿನ ಗಾಳಿ ರಸವನ್ನೂ ತಳ್ಳಿಕೊಂಡು ಹೊರಗೆ ಬರುತ್ತದೆ. ನಮ್ಮ ಮಲೆನಾಡಿನ ಮಿಡಿಗೆ ಎಣ್ಣೆ ಹಾಕೋದಿಲ್ಲ, ರಸವೇ ಜಾಸ್ತಿ. ಅದಕ್ಕೇ ಈ ಕಷ್ಟ ಇದಕ್ಕೆ ಹೆಚ್ಚು.

ಮಾರ್ಚ್, ಏಪ್ರಿಲ್‌ನಲ್ಲಿ ಹಾಕಿದ ಮಿಡಿಯನ್ನು ಮಳೆಗಾಲ ಕಳೆದ ಮೇಲೆ ಕಳಿಸಿ. ಅಷ್ಟರಲ್ಲಿ ಹುದುಗು ನಿಂತಿರುತ್ತದೆ, ಮಿಡಿ ಸುಕ್ಕಾಗಿ ಖಾರ ಹಿಡಿದಿರುತ್ತದೆ. ನಾನು ಮಾಡೋದು ಹೀಗೆ. ಅಗಲ ಬಾಯಿಯ ಗಟ್ಟಿ ಪ್ಲಾಸ್ಟಿಕ್ ಬಾಟಲಿ, ಒಳಮುಚ್ಚಳ ಇರುವಂಥದ್ದು. ಗಾಜು ಬೇಡ. ಮಿಡಿಯನ್ನು ಸೌಟಿನಲ್ಲಿ ಎತ್ತಿ, ರಸ ಸೋಸಿ, ಕತ್ತಿನಿಂದ ಎರಡು ಬೆರಳು ಕೆಳಗೆ ನಿಲ್ಲುವಷ್ಟೇ ತುಂಬುತ್ತೇನೆ. ಮೇಲೆ ಮಿಡಿ ಒಣಗದಷ್ಟು ರಸ. ಆಮೇಲೆ ಬಾಟಲಿಯ ಅಂಚನ್ನು ಒಣ ಬಟ್ಟೆಯಿಂದ ಸುತ್ತ ಒರೆಸುತ್ತೇನೆ. ಒಂದೇ ಒಂದು ಸಾಸಿವೆ ಚೂರು ಅಂಚಿನಲ್ಲಿ ಕೂತಿದ್ದರೂ ಮುಚ್ಚಳ ಕೂರೋದಿಲ್ಲ. ಬಾಯಿಗೆ ಎರಡು ಪದರ ಪ್ಲಾಸ್ಟಿಕ್ ಹಾಳೆ, ಒಳಮುಚ್ಚಳ, ಹೊರಮುಚ್ಚಳ, ಸುತ್ತ ಟೇಪು. ಬಿಳಿ ಕಾಗದದ ಮೇಲೆ ರಾತ್ರಿಯಿಡೀ ತಲೆಕೆಳಗೆ ನಿಲ್ಲಿಸುತ್ತೇನೆ. ಬೆಳಿಗ್ಗೆ ಕಾಗದದಲ್ಲಿ ಕೆಂಪು ಉಂಗುರ ಕಂಡರೆ ಆ ಬಾಟಲಿ ಹೋಗೋದಿಲ್ಲ, ಬೇರೆ ಬಾಟಲಿ. ಕಾಗದ ಒಣಗಿದ್ದರೆ ಎರಡು ಜಿಪ್ ಕವರಿನೊಳಗೆ ಹಾಕಿ, ಸುತ್ತ ಹಳೇ ಟವೆಲ್ ಸುತ್ತಿ, ಡಬ್ಬದ ನಟ್ಟನಡುವೆ ನೆಟ್ಟಗೆ ನಿಲ್ಲಿಸುತ್ತೇನೆ. ಸೀರೆಯ ಹತ್ತಿರ ಅಲ್ಲ, ಪಾತ್ರೆಯ ಹತ್ತಿರ. ಕೆಲವು ಕೊರಿಯರ್‌ನವರು ರಸ ಇರುವ ಉಪ್ಪಿನಕಾಯಿ ತೆಗೆದುಕೊಳ್ಳೋದೇ ಇಲ್ಲ. ಡಬ್ಬ ಕಟ್ಟುವ ಮುಂಚೆಯೇ ಕೇಳಿಕೊಳ್ಳಿ.

ಅಮೆರಿಕಕ್ಕೆ ಕಳಿಸುವವರಿಗೆ ಸುಂಕದ ವಿಷಯವೂ ಗೊತ್ತಿರಬೇಕು. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಮೊದಲು ಸುಂಕ ಇರಲಿಲ್ಲ. 2025ರ ಆಗಸ್ಟ್ 29ರಿಂದ ಅದು ನಿಂತಿತು. 100 ಡಾಲರ್ ಒಳಗಿನ ನಿಜವಾದ ಉಡುಗೊರೆಗೆ ವಿನಾಯಿತಿ ಉಳಿಯಿತು. ಆಗ ನಮ್ಮ ಅಂಚೆ ಇಲಾಖೆಯೂ ಅಮೆರಿಕಕ್ಕೆ ಹೆಚ್ಚಿನ ಪಾರ್ಸೆಲ್‌ಗಳನ್ನು ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಮತ್ತೆ ಶುರು ಮಾಡಿತು. ದರ ಆಗಾಗ ಬದಲಾಗುತ್ತದೆ. ಕಳಿಸುವ ದಿನ ಕೌಂಟರಿನಲ್ಲಿ ಕೇಳಿಯೇ ದುಡ್ಡು ಕಟ್ಟಿ. ಅಮೆರಿಕಕ್ಕೆ ಆಹಾರ ಹೋಗಬೇಕಾದರೆ ಅಲ್ಲಿ ಆಹಾರ, ಔಷಧಿ ನೋಡಿಕೊಳ್ಳುವ ಇಲಾಖೆ ಎಫ್‌ಡಿಎಗೆ ಮುಂಚೆ ತಿಳಿಸಬೇಕು ಅಂತ ನಿಯಮ ಇದೆ. ಮನೆಯಲ್ಲೇ ಮಾಡಿ, ಸ್ವಂತದವರಿಗೆ ಉಡುಗೊರೆಯಾಗಿ ಕಳಿಸೋದಕ್ಕೆ ಅದು ಬೇಕಿಲ್ಲ. ಹಾಗಾಗಿ ಪಟ್ಟಿಯಲ್ಲಿ 'ಮನೆಯಲ್ಲಿ ಮಾಡಿದ್ದು, ಉಡುಗೊರೆ' ಅಂತ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಸಿ. ಹಸಿ ಕರಿಬೇವು ಮಾತ್ರ ಒಂದು ಎಸಳೂ ಹಾಕಬೇಡಿ. ನಿಂಬೆ, ಕಿತ್ತಳೆ ಗಿಡಕ್ಕೆ ರೋಗ ಹರಡುವ ಕೀಟ ಅದರಲ್ಲಿ ಬರುತ್ತದೆ ಅಂತ ಅಮೆರಿಕದವರು ಅದನ್ನು ಬಿಡೋದಿಲ್ಲ.

ಪ್ರಶ್ನೆ: ತಂಗಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿದ್ದಾಳೆ. ಸಾರಿನ ಪುಡಿಗೆ ಬೇಕಾದ ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಜೊತೆಗೆ ಊರಿನ ಅಕ್ಕಿ, ಅಲಸಂದೆ ಕಳಿಸಬೇಕು. ಪಾರ್ಸೆಲ್ ಹಿಡಿಯುವವರು "ಸುಮ್ನೆ ಬಟ್ಟೆ ಅಂತ ಬರೆಯೋಣ ಮೇಡಂ, ಯಾರೂ ನೋಡಲ್ಲ" ಅನ್ನುತ್ತಾರೆ. ಹಾಗೆ ಮಾಡಬಹುದಾ? — ಬೇಲೂರು

ಉತ್ತರ: ಖಂಡಿತ ಮಾಡಬೇಡಿ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಪಟ್ಟಿಗೆ ಸಹಿ ಹಾಕುವವರು ನೀವು, ಆಧಾರ್ ಪ್ರತಿ ಕೊಡುವವರು ನೀವು. ಅಲ್ಲಿ ಡಬ್ಬ ಬಿಚ್ಚಿದಾಗ ಉತ್ತರ ಹೇಳಬೇಕಾದವಳು ನಿಮ್ಮ ತಂಗಿ. ದುಡ್ಡು ತೆಗೆದುಕೊಂಡವರು ಆಗ ಎಲ್ಲೂ ಇರೋದಿಲ್ಲ. ಎಕ್ಸ್‌ರೇಯಲ್ಲಿ ಬಟ್ಟೆಯೇ ಬೇರೆ, ಕಾಳೇ ಬೇರೆ ಕಾಣುತ್ತದೆ. ಆಸ್ಟ್ರೇಲಿಯಾದವರ ಹತ್ತಿರ ವಾಸನೆ ಹಿಡಿಯುವ ನಾಯಿಗಳೂ ಇವೆ.

ಅವರ ಭಯಕ್ಕೆ ಕಾರಣವೂ ಇದೆ. ಖಾಪ್ರಾ ಅಂತ ಒಂದು ಸಣ್ಣ ದುಂಬಿ, ನಮ್ಮ ಈ ಕಡೆಯದ್ದೇ. ಅದರ ಹುಳು ಕಾಳಿನ ರಾಶಿಯನ್ನು ಹೊಟ್ಟು ಮಾಡುತ್ತದೆ. ತಿನ್ನಲು ಏನೂ ಇಲ್ಲದೆಯೂ ವರ್ಷಗಟ್ಟಲೆ ಸಂದಿಯಲ್ಲಿ ಬದುಕಿರುತ್ತದೆ. ಒಂದು ಸಲ ಉಗ್ರಾಣಕ್ಕೆ ಹೊಕ್ಕರೆ ಓಡಿಸೋದು ತುಂಬಾ ಕಷ್ಟ. ಗೋಧಿ ಬೆಳೆದು ಮಾರುವ ದೇಶ ಅದು. 2020ರಲ್ಲಿ ಅವರು ನಿಯಮ ಬಿಗಿ ಮಾಡಿದರು. ಅಕ್ಕಿ, ಕಡಲೆ, ಹೆಸರುಕಾಳು, ಅಲಸಂದೆ, ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಇವನ್ನೆಲ್ಲ ಜನ ಬ್ಯಾಗಿನಲ್ಲಿ ತರುವಂತಿಲ್ಲ, ಅಂಚೆಯಲ್ಲಿ ಕಳಿಸುವಂತಿಲ್ಲ. ನಿಮ್ಮ ಪಟ್ಟಿಯ ಅಷ್ಟೂ ಇದರಲ್ಲಿ ಬಂತು, ಅಲ್ವಾ? ಅಮೆರಿಕವೂ ಇದೇ ಹುಳುವಿನ ಕಾರಣಕ್ಕೆ ನಮ್ಮ ಮನೆಬಳಕೆಯ ಅಕ್ಕಿ, ಕಡಲೆಯನ್ನು ಬಿಡೋದಿಲ್ಲ.

ಒಣಮೆಣಸು, ಕೊತ್ತಂಬರಿ, ಜೀರಿಗೆ ಮೆಲ್ಬರ್ನ್‌ನ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತವೆ. ಅಲ್ಲಿ ಸಿಗದೇ ಇರೋದು ನಿಮ್ಮ ಮನೆಯ ಅಳತೆ. ಅದನ್ನು ಕಳಿಸಿ. ನಮ್ಮ ಮನೆಯದ್ದು ಹೀಗಿದೆ: ಬ್ಯಾಡಗಿ ಮೆಣಸಿನಕಾಯಿ ಕಾಲು ಕೆಜಿ, ಕೊತ್ತಂಬರಿ ಬೀಜ ಕಾಲು ಕೆಜಿ, ಜೀರಿಗೆ 50 ಗ್ರಾಂ, ಕಾಳುಮೆಣಸು 25 ಗ್ರಾಂ, ಮೆಂತ್ಯ 20 ಗ್ರಾಂ, ಸಾಸಿವೆ ಒಂದು ಚಮಚ, ಇಂಗು, ಒಂದು ಹಿಡಿ ಕರಿಬೇವು. ಒಂದೊಂದನ್ನೂ ಬೇರೆಬೇರೆ ಹುರಿಯಬೇಕು. ಮೆಂತ್ಯ ಕೆಂಪಾದ ತಕ್ಷಣ ಇಳಿಸಬೇಕು, ಕಪ್ಪಾದರೆ ಇಡೀ ಪುಡಿ ಕಹಿ. ನಿಮ್ಮ ಅಮ್ಮನ ಅಳತೆ ಬೇರೆ ಇರುತ್ತದೆ. ಅವರನ್ನು ಕೂರಿಸಿಕೊಂಡು ತೂಕ ಹಾಕಿ ಬರೆದುಕೊಳ್ಳಿ. "ಕೈಯಳತೆ" ಅಂದರೂ ಬಿಡಬೇಡಿ. ತಂಗಿ ಹುರಿಯುವಾಗ ವಿಡಿಯೋ ಕಾಲ್ ಹಾಕಿ ಅಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿ.

ಡಬ್ಬದಲ್ಲಿ ಬಟ್ಟೆ, ಸ್ಟೀಲ್ ಪಾತ್ರೆ, ಹುರಿದ ಕಾಫಿಪುಡಿ ಹಾಕಿ, ಹಾಗೆಯೇ ಬರೆಯಿರಿ. ಕಡಗೋಲು, ಮಣೆ, ಮರದ ಸೌಟು ಹಾಕೋದಾದರೆ ತೊಗಟೆ ಇರಬಾರದು, ಹುಳು ಕೊರೆದ ತೂತು ಇರಬಾರದು. ಪಟ್ಟಿಯಲ್ಲಿ ಅದನ್ನೂ ಬರೆಯಬೇಕು.

ಪ್ರಶ್ನೆ: ಅರಸೀಕೆರೆ ಕೊಬ್ಬರಿ ಇಲ್ಲದೆ ಹಬ್ಬ ಆಗೋದಿಲ್ಲ. ದುಬೈನಲ್ಲಿರುವ ಅಣ್ಣನಿಗೆ ಗಿಟಕು ಕೊಬ್ಬರಿ, ಗಸಗಸೆ, ಕರ್ಪೂರ ಕಳಿಸಬಹುದಾ? — ಅರಸೀಕೆರೆ

ಉತ್ತರ: ಮೂರೂ ಆಗೋದಿಲ್ಲ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಕಟ್ಟಿಟ್ಟರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನದ ಅಪಾಯದ ಸಾಮಾನಿನ ಪಟ್ಟಿಯಲ್ಲಿದೆ. ಕರ್ಪೂರ ಬೆಂಕಿ ಹಿಡಿಯುವ ವಸ್ತು, ಅದೂ ಅದೇ ಪಟ್ಟಿಯಲ್ಲಿ. ಗಸಗಸೆ ಇನ್ನೂ ದೊಡ್ಡ ವಿಷಯ. ದುಬೈ ಇರುವ ಯುಎಇ, ಸಿಂಗಪುರ, ಈ ದೇಶಗಳಲ್ಲಿ ಅದು ಮಾದಕ ವಸ್ತುವಿನ ಕಾನೂನಿಗೆ ಬರುತ್ತದೆ. ಪಾಯಸಕ್ಕೆ ಅಂದರೂ ಕೇಳೋದಿಲ್ಲ, ನಿಮ್ಮ ಅಣ್ಣ ಜೈಲಿಗೆ ಹೋಗಬೇಕಾದೀತು. ಯಾರಾದರೂ ಊರಿನಿಂದ ಹೋಗುವಾಗ ಅವರ ಬ್ಯಾಗಿನಲ್ಲಿ ಒಂದು ಚಿಕ್ಕ ಪೊಟ್ಟಣ ಇಟ್ಟರೆ ಆಯಿತು ಅನ್ನುವ ಯೋಚನೆ ಬೇಡವೇ ಬೇಡ.

ಪ್ರಶ್ನೆ: ನಮ್ಮದೇ ತೋಟದ ಕಾಫಿ ಹುರಿಸಿ ಪುಡಿ ಮಾಡಿಸಿ ಲಂಡನ್‌ಗೆ ಕಳಿಸಿದೆ. ಪ್ಯಾಕೆಟ್ ಉಬ್ಬಿ ಒಡೆದು ಹೋಗಿತ್ತಂತೆ. — ಮೂಡಿಗೆರೆ

ಉತ್ತರ: ಹುರಿದ ದಿನವೇ ಪ್ಯಾಕ್ ಮಾಡಿಸಿದ್ದೀರಿ ಅನ್ನಿಸುತ್ತದೆ. ಕಾಫಿಬೀಜ ಹುರಿದಾಗ ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅದು ದಿನಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹೊರಗೆ ಬರುತ್ತಿರುತ್ತದೆ. ಬೀಜವಾಗಿದ್ದರೆ ನಿಧಾನ, ಪುಡಿ ಮಾಡಿದರೆ ಬೇಗ. ಹುರಿದ ಬೀಜವನ್ನು ಮುಚ್ಚಳ ಸಡಿಲ ಮಾಡಿ ನಾಲ್ಕೈದು ದಿನ ಇಡಿ. ಆಮೇಲೆ ಪುಡಿ ಮಾಡಿಸಿ, ಒಂದು ರಾತ್ರಿ ಬಿಟ್ಟು ಸೀಲ್ ಹಾಕಿಸಿ. ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಅಂಗಡಿಯವರ ಹತ್ತಿರ ಪುಟ್ಟ ವಾಲ್ವ್ ಇರುವ ಪೌಚ್ ಸಿಗುತ್ತದೆ. ಗಾಳಿ ಹೊರಗೆ ಹೋಗುತ್ತದೆ, ಒಳಗೆ ಬರೋದಿಲ್ಲ. ಅದನ್ನೇ ಕೇಳಿ. ಕಾಲು ಕೆಜಿಯ ಚಿಕ್ಕ ಪ್ಯಾಕೆಟ್ ಮಾಡಿ, ಒಂದು ಒಡೆದರೆ ಒಂದೇ ಹೋಗುತ್ತದೆ. ಚಿಕೋರಿ ಎಷ್ಟು ಬೆರೆಸಿದೆ ಅಂತ ಪ್ಯಾಕೆಟ್ ಮೇಲೆ ಬರೆಯಿರಿ. ಫಿಲ್ಟರಿಗೆ ಎಷ್ಟು ಹಾಕಬೇಕು ಅನ್ನೋದು ಅದರ ಮೇಲೆ ನಿಂತಿದೆ.

ಬ್ರಿಟನ್‌ಗೆ ಉಡುಗೊರೆ 39 ಪೌಂಡ್‌ವರೆಗೆ ತೆರಿಗೆ ಇಲ್ಲದೆ ಹೋಗುತ್ತದೆ. ಕಾಫಿ ಜೊತೆ ಪೇಡ, ಬರ್ಫಿ ಇಡಬೇಡಿ. ಹಾಲಿನ ಸಿಹಿ ಅಲ್ಲಿಗೆ ಬಿಡೋದಿಲ್ಲ. ನನ್ನ ತಮ್ಮನಿಗೆ ನಾನು ಕಳಿಸೋದು ಎಳ್ಳುಂಡೆ, ಕೊಡುಬಳೆ, ನಿಪ್ಪಟ್ಟು. ಮಲೆನಾಡಿನಲ್ಲಿ ಆಷಾಢ, ಶ್ರಾವಣದಲ್ಲಿ ಗಾಳಿಯೇ ಒದ್ದೆ. ಕೊಡುಬಳೆ ಕರಿದು ಆರಿದ ತಕ್ಷಣ ಪ್ಯಾಕ್ ಮಾಡಬೇಕು. ಸಂಜೆವರೆಗೆ ತಟ್ಟೆಯಲ್ಲಿ ಬಿಟ್ಟರೆ ಮೆತ್ತಗಾಗಿ, ಲಂಡನ್ ಮುಟ್ಟುವಾಗ ರಬ್ಬರ್ ಆಗಿರುತ್ತದೆ.

ಪ್ರಶ್ನೆ: ಮೇಡಂ, ನನ್ನ ಹೆಂಡತಿ ಮಗಳಿಗೆ ಅಮೆರಿಕಕ್ಕೆ ಡಬ್ಬ ಕಳಿಸಲು ಕೂರುತ್ತಾಳೆ. ಸಾಮಾನಿನ ಬೆಲೆಗಿಂತ ಕಳಿಸುವ ಖರ್ಚೇ ಜಾಸ್ತಿ. ಅಲ್ಲಿ ಎಲ್ಲಾ ಸಿಗುತ್ತದೆ ಅಂದರೆ ಮುನಿಸು. ಯಾರು ಸರಿ? — ಸಕಲೇಶಪುರ

ಉತ್ತರ: ಸಾರ್, ಸಾಂಬಾರ್ ಪುಡಿ ಅಲ್ಲಿ ಸಿಗುತ್ತದೆ, ಅದು ನಿಜ. ನಿಮ್ಮ ಮನೆಯವರು ಮಾಡಿದ ಪುಡಿ ಸಿಗೋದಿಲ್ಲ, ಅದೂ ನಿಜ. ಜಗಳ ಬಿಟ್ಟು ಮಗಳನ್ನು ಕೇಳಿ. ಬಾಯಿಮಾತಿನಲ್ಲಿ ಕೇಳಿದರೆ "ಏನೂ ಬೇಡಮ್ಮ" ಅನ್ನುತ್ತಾಳೆ, ಇಲ್ಲವೇ "ನಿಮಗೆ ತೋಚಿದ್ದು ಕಳಿಸಿ" ಅನ್ನುತ್ತಾಳೆ. ಅದಕ್ಕೆ ಪಟ್ಟಿ ಬರೆಸಿ. ಹೋದ ಸಲ ಕಳಿಸಿದ್ದರಲ್ಲಿ ಯಾವುದು ಮೊದಲು ಖಾಲಿಯಾಯಿತು, ಯಾವುದು ಇನ್ನೂ ಕಪಾಟಿನಲ್ಲಿದೆ? ಇವೆರಡಕ್ಕೆ ಉತ್ತರ ಬಂದರೆ ಸಾಕು. ನಮ್ಮ ಮಗಳಿಗೆ ಹೀಗೆ ಕೇಳಿದಾಗ ಗೊತ್ತಾಗಿದ್ದು: ಹಪ್ಪಳ ಸಂಡಿಗೆ ಅವಳು ಕರಿಯೋದೇ ಇಲ್ಲ, ಆ ಮನೆಯಲ್ಲಿ ಎಣ್ಣೆಯ ಹೊಗೆಗೆ ಅಲಾರಂ ಹೊಡೆಯುತ್ತದೆ. ಒತ್ತು ಶ್ಯಾವಿಗೆಯ ಒರಳು ಮಾತ್ರ ವಾರಕ್ಕೊಮ್ಮೆ ಇಳಿಯುತ್ತದಂತೆ.

ಆ ಪಟ್ಟಿ ಹಿಡಿದುಕೊಂಡು ನಿಮ್ಮ ಹೆಂಡತಿಯ ಪಕ್ಕ ನೀವೂ ಕುಳಿತುಕೊಳ್ಳಿ. ತೂಕ ಹಾಕೋದು, ಅಳತೆ ನೋಡೋದು, ಇಂಗ್ಲಿಷಿನಲ್ಲಿ ಪಟ್ಟಿ ಬರೆಯೋದು ನಿಮ್ಮ ಕೆಲಸ ಆಗಲಿ. ವಿಳಾಸ, ಫೋನ್ ನಂಬರ್ ಬರೆದ ಚೀಟಿ ಒಂದು ಡಬ್ಬದ ಒಳಗೂ ಇರಲಿ. ಹೊರಗಿನದು ಹರಿದರೆ ಅದೇ ಗತಿ. ಮಗಳ ಮಾತ್ರೆ ಏನಾದರೂ ಇದ್ದರೆ ಡಾಕ್ಟರ ಚೀಟಿ, ಅಂಗಡಿಯ ಬಿಲ್ ಜೊತೆಗೇ ಹೋಗಬೇಕು, ಆ ದೇಶದಲ್ಲಿ ಆ ಮಾತ್ರೆ ಬಿಡುತ್ತಾರಾ ಅಂತ ಮುಂಚೆ ಕೇಳಿರಬೇಕು. ಪವರ್ ಬ್ಯಾಂಕ್, ಸೆಂಟ್ ಬಾಟಲಿ ಹಾಕಬೇಡಿ, ಒಂದರಿಂದ ಇಡೀ ಡಬ್ಬ ವಾಪಸ್ ಬರುತ್ತದೆ.

ಅಂಚೆಯಲ್ಲಿ ಕಳಿಸಿದರೆ ಕೆಲವು ದೇಶಕ್ಕೆ ಖರ್ಚು ಕಡಿಮೆ ಬೀಳುತ್ತದೆ. ಹೆಡ್ ಪೋಸ್ಟಾಫೀಸಿನಲ್ಲಿ ಸಿಎನ್ 23 ಅನ್ನುವ ಕಸ್ಟಮ್ಸ್ ಫಾರಂ ತುಂಬಬೇಕು. ಡಬ್ಬವನ್ನು ಪೂರ್ತಿ ಅಂಟಿಸದೆ ತೆಗೆದುಕೊಂಡು ಹೋಗಿ, ತೆರೆದು ತೋರಿಸಿ ಅಂದರೂ ಅನ್ನಬಹುದು. ಟೇಪು, ಕತ್ತರಿ ಚೀಲದಲ್ಲಿರಲಿ. ದೀಪಾವಳಿಗೆ ಮುಟ್ಟಬೇಕು ಅಂದರೆ ಗಣೇಶನ ಹಬ್ಬ ಮುಗಿದ ವಾರವೇ ಹೊರಡಿಸಿ. ದಸರಾ ಆದ ಮೇಲೆ ಎಲ್ಲರೂ ಕಳಿಸುತ್ತಾರೆ, ತಡವಾಗುತ್ತದೆ.